ಆಮೇಲೆ ಹೇಳ್ತೀನಿ

ಯಾರು ಏನೇ ಅಂದರೂ ಒಂದಕ್ಷರ ಬಿಡದೆ ನಿನಗೆ ಹೇಳುತ್ತೇನೆ ಎಂದು ಅವಳು ಅಣ್ಣನಿಗೆ ಮಾತು ಕೊಟ್ಟಾಗ ಅವಳಿಗೆ ಒಂಬತ್ತು ವರ್ಷ, ಅವನಿಗೆ ಹನ್ನೊಂದು. ಬಾಯಲ್ಲಿ ಕೊಟ್ಟ ಮಾತಲ್ಲ. ಹುಟ್ಟಿದಾಗಿನಿಂದ ಕಿವಿ ಕೇಳದ ಅವನಿಗೆ ಬಾಯಲ್ಲಿ ಕೊಟ್ಟರೆ ಅದು ಗಾಳಿಗೆ ಕೊಟ್ಟ ಹಾಗೆ. ಕೈಯಲ್ಲಿ ಕೊಟ್ಟಿದ್ದಳು. ಆ ದಿನ ಮನೆಗೆ ಬಂದಿದ್ದ ಚಿಕ್ಕಪ್ಪ ಊಟದ ಮೇಜಿನಲ್ಲಿ ಏನೋ ಅಂದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅಣ್ಣನೂ ನಕ್ಕ. ನಗುತ್ತಲೇ ಅವಳ ತೋಳು ತಿವಿದು ಏನು ಎಂದು ಹುಬ್ಬಿನಲ್ಲಿ ಕೇಳಿದ. ಅವಳು ಆ ಮನೆಯಲ್ಲಿ ಎಲ್ಲರೂ ಮಾಡುವ ಹಾಗೆ ಅಂಗೈ ಅಲ್ಲಾಡಿಸಿ, ಆಮೇಲೆ ಹೇಳ್ತೀನಿ, ಅಂದಳು. ಆಮೇಲೆ ಅನ್ನುವುದು ಆ ಮನೆಯಲ್ಲಿ ಅವನಿಗೆಂದೇ ತೆಗೆದಿಟ್ಟ ಡಬ್ಬಿ. ಹನ್ನೊಂದು ವರ್ಷದಿಂದ ಅದರೊಳಕ್ಕೆ ಹಾಕುತ್ತಲೇ ಇದ್ದರು, ಒಬ್ಬರಾದರೂ ಒಮ್ಮೆಯಾದರೂ ಮುಚ್ಚಳ ತೆಗೆದಿರಲಿಲ್ಲ. ಊಟ ಮುಗಿದ ಮೇಲೆ ಅವನು ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಹೋದಾಗ ಅವನು ಕೇಳಿದ್ದು ಚಿಕ್ಕಪ್ಪ ಏನಂದ ಅಂತಲ್ಲ. "ನಾನು ಯಾಕೆ ನಕ್ಕೆ? ಅದನ್ನ ಹೇಳು." ಅವಳು ಅವನ ಎರಡೂ ಕೈ ಹಿಡಿದು, ತನ್ನ ಕೈಯಿಂದ ಮುಚ್ಚಿ, ಬಿಡಿಸಿ, ಇನ್ನು ಮೇಲೆ ಒಂದಕ್ಷರ ಬಿಡಲ್ಲ, ಕೈ ಮೇಲಾಣೆ, ಅಂದಳು. ಕೈಯಲ್ಲಿ ಮಾತಾಡುವವರಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ.

ಆ ಮಾತಿಗೆ ಈಗ ಮೂವತ್ತೈದು ವರ್ಷ. ಅವಳು ಅದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದಳು. ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಕಿವುಡರಿಗೂ ಕೇಳುವವರಿಗೂ ನಡುವೆ ನಿಂತು ಅತ್ತಲಿಂದ ಇತ್ತ ಮಾತು ದಾಟಿಸುವ ಸನ್ನೆ ಭಾಷೆಯ ದುಭಾಷಿ. ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ದುಭಾಷಿಗೆ ತನ್ನದೆಂಬ 'ನಾನು' ಇಲ್ಲ. ಯಾರ ಮಾತು ದಾಟಿಸುತ್ತಾಳೋ ಅವರ 'ನಾನು'ವೇ ಅವಳ 'ನಾನು'. ಇದರಿಂದ ಆಗುವ ಅವಾಂತರಗಳಿಗೆ ಲೆಕ್ಕವಿಲ್ಲ. ಒಮ್ಮೆ ಆಸ್ಪತ್ರೆಯಲ್ಲಿ ಒಬ್ಬ ಮುದುಕನ ಪರವಾಗಿ, "ನನಗೆ ಮೂರು ದಿನದಿಂದ ಮೂತ್ರ ಕಟ್ಟಿದೆ," ಎಂದು ಇವಳು ಗಟ್ಟಿಯಾಗಿ ಹೇಳಿದ್ದಕ್ಕೆ ನರ್ಸು, "ಅಯ್ಯೋ ಪಾಪ, ನೀವು ಮೊದಲು ಕೂತ್ಕೊಳ್ಳಿ," ಎಂದು ಮುದುಕನನ್ನು ಎಬ್ಬಿಸಿ ಇವಳಿಗೆ ಕುರ್ಚಿ ಕೊಟ್ಟಿದ್ದಳು. ಮನೆಯಲ್ಲಿ ಇದನ್ನೆಲ್ಲ ಹೇಳಿ ನಗಿಸುತ್ತಿದ್ದಳು. ಮಗಳು ಮಾತ್ರ ಒಂದು ದಿನ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ, "ಹಾಗಾದ್ರೆ ನೀನು ನಿನ್ನ ಮಾತು ಯಾವಾಗ ಆಡ್ತೀಯಾ ಅಮ್ಮಾ?" ಅಂದಿದ್ದಳು. ಹದಿನೇಳು ವರ್ಷದ ಮಕ್ಕಳಿಗೆ ಬಾಯಿ ಜಾಸ್ತಿ. ಅವಳು, ಆಮೇಲೆ ಹೇಳ್ತೀನಿ, ಒಲೆ ಮೇಲೆ ಹಾಲಿದೆ, ಎಂದು ಎದ್ದು ಹೋಗಿದ್ದಳು.

ಇವತ್ತಿನ ಕೆಲಸ ಸಾರ್ವಜನಿಕ ಗ್ರಂಥಾಲಯದ ಮಹಡಿಯಲ್ಲಿ. ಪ್ರತಿ ತಿಂಗಳ ಕೊನೆಯ ಶನಿವಾರ ಅಲ್ಲಿ 'ನಿರ್ಭೀತ ವೇದಿಕೆ' ಎಂಬ ಚರ್ಚೆ ನಡೆಯುತ್ತಿತ್ತು. ಓದುವ ಮೇಜುಗಳನ್ನು ಗೋಡೆಗೆ ಒತ್ತರಿಸಿ, ಕುರ್ಚಿಗಳನ್ನು ಸಾಲಾಗಿ ಹಾಕಿ, ಮೌನವಾಗಿರಿ ಎಂಬ ಬೋರ್ಡಿನ ಮೇಲೆ ನಿರ್ಭೀತ ವೇದಿಕೆಯ ಬಟ್ಟೆಯ ಬ್ಯಾನರು ಇಳಿಬಿಟ್ಟಿದ್ದರು. ಬ್ಯಾನರು ಗಿಡ್ಡವಾಗಿದ್ದರಿಂದ ಮೌನವಾಗಿರಿ ಎಂಬುದರ ಕೆಳಗಿನ ಅರ್ಧ ಕಾಣುತ್ತಲೇ ಇತ್ತು. ಬಾಗಿಲಲ್ಲಿ ನಿರ್ಭೀತವಾಗಿ ಮಾತಾಡುವವರು ಪಾಲಿಸಬೇಕಾದ ಹದಿಮೂರು ಸೂಚನೆಗಳ ಹಾಳೆ ಕೊಡುತ್ತಿದ್ದರು. ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದು ಕೊಡತಕ್ಕದ್ದು, ಅಧ್ಯಕ್ಷರು ಆರಿಸಿದ್ದನ್ನು ಮಾತ್ರ ಕೇಳತಕ್ಕದ್ದು, ಉತ್ತರ ಬಂದ ಮೇಲೆ ಮರುಪ್ರಶ್ನೆ ಕೇಳಕೂಡದು, ಚಪ್ಪಾಳೆ ಎಲ್ಲರಿಗೂ ಸಮನಾಗಿ ತಟ್ಟತಕ್ಕದ್ದು. ಈ ತಿಂಗಳ ವಿಷಯ: ವಂಶದಲ್ಲಿ ಕಿವುಡು ಕುರುಡು ಇರುವವರು ಮಗು ಹೆರುವ ಮೊದಲು ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂದು ಕಾನೂನು ತರಬೇಕೇ, ಬೇಡವೇ. ವೇದಿಕೆ ಶುರುವಾದ ಹದಿನಾರು ವರ್ಷದಲ್ಲಿ ಮೊದಲ ಸಲ, ಯಾರ ವಿಷಯ ಮಾತಾಡುತ್ತಾರೋ ಅವರೇ ಕೇಳಲು ಬರುತ್ತೇವೆಂದು ಹೇಳಿ ಕಳಿಸಿದ್ದರಿಂದ ವೇದಿಕೆಯವರಿಗೆ ಪೀಕಲಾಟಕ್ಕಿಟ್ಟುಕೊಂಡಿತ್ತು.

ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಮೂರು ನಿಮಿಷಕ್ಕೆ ಸರಿಯಾಗಿ ಮೇಜಿನ ಮೇಲಿನ ಗಂಟೆ ಹೊಡೆಯುತ್ತಿದ್ದರಿಂದ ಜನ ಅವರನ್ನು ಗಂಟೆ ಮೇಷ್ಟ್ರು ಅನ್ನುತ್ತಿದ್ದರು. ಅವರು ಅವಳನ್ನು ಮೆಟ್ಟಿಲ ಬಳಿಯೇ ಹಿಡಿದರು.

"ನೋಡಿ ಅಮ್ಮಾ, ಇಲ್ಲಿ ಯಾರು ಏನು ಬೇಕಾದ್ರೂ ಮಾತಾಡಬಹುದು. ನಾನು ಇವತ್ತಿನವರೆಗೆ ಒಬ್ಬರ ಬಾಯಿಗೂ ಬೀಗ ಹಾಕಿದವನಲ್ಲ. ಆದರೆ…"

ಆ 'ಆದರೆ'ಗೋಸ್ಕರ ಅವಳು ಕಾಯುತ್ತಲೇ ಇದ್ದಳು.

"ಆದರೆ ಇವತ್ತು ನಿಮ್ಮ ಆ… ವಿಶೇಷ ಜನ ಬರ್ತಾರಲ್ಲ. ನಮ್ಮ ಡಾಕ್ಟರು ಮಾತಲ್ಲಿ ಸ್ವಲ್ಪ ಖಡಕ್ಕು. ನೀವು ತುಸು ಬೆಣ್ಣೆ ಸವರಿ ದಾಟಿಸಿಬಿಡಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು."

"ಹಾಗೆಲ್ಲ ಮಾಡೋ ಹಾಗಿಲ್ಲ ಸರ್. ಹೇಳಿದ್ದನ್ನ ಹೇಳಿದ ಹಾಗೇ ದಾಟಿಸೋದು ನಮ್ಮ ಕೆಲಸ."

"ಅಯ್ಯೋ, ಹೇಳಿದ ಹಾಗೇ ದಾಟಿಸಿ, ಯಾರು ಬೇಡ ಅಂದ್ರು? ಸ್ವಲ್ಪ ನಯವಾಗಿ, ಹೇಳಿದ ಹಾಗೇ ದಾಟಿಸಿ."

ಹೀಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟೆನಲ್ಲ ಎಂದು ಅವಳಿಗೆ ನಾಲ್ಕು ಮೆಟ್ಟಿಲಿನಷ್ಟು ಹೆಮ್ಮೆಯಾಯಿತು. ಐದನೆಯ ಮೆಟ್ಟಿಲಿಗೆ ಅದು ಇಳಿದುಹೋಯಿತು. ಬೆಣ್ಣೆ ಸವರುವುದನ್ನು ಈ ಮೇಷ್ಟ್ರಿಂದ ಕಲಿಯಬೇಕಾದವಳಲ್ಲ ಅವಳು. ಮುಂದಿನ ಸಾಲಿನಲ್ಲಿ ಆಗಲೇ ಏಳು ಜನ ಬಂದು ಕೂತಿದ್ದರು. ಕೊನೆಯ ಕುರ್ಚಿಯಲ್ಲಿ, ಕೆಲಸದ ಅಂಗಿಯಲ್ಲೇ, ಬೆರಳುಗಳಿಗೆ ಸುತ್ತಿದ ಪಟ್ಟಿಯೊಂದಿಗೆ ಅಣ್ಣ. ಅವನು ಗಾಜಿನ ಕೆಲಸದವನು. ಕಿಟಕಿಗೆ, ಅಂಗಡಿಯ ಬಾಗಿಲಿಗೆ, ಸ್ನಾನದ ಮನೆಯ ಕನ್ನಡಿಗೆ ಗಾಜು ಕೊಯ್ದು ಕೂರಿಸುವವನು. ಅವನ ಬೆರಳಿಗೆ ಪಟ್ಟಿ ಇಲ್ಲದ ದಿನ ಅವಳು ನೋಡಿದ್ದು ಕಡಿಮೆ. ರಕ್ತ ಸಂಬಂಧಿಕರ ಮುಂದೆ ದುಭಾಷಿಯಾಗಿ ನಿಲ್ಲಕೂಡದು ಎಂಬ ಇನ್ನೊಂದು ನಿಯಮವಿತ್ತು. ಬೇರೆ ದುಭಾಷಿ ಸಿಕ್ಕಲಿಲ್ಲವೆಂದು ಅವಳು ಸುಮ್ಮನಿದ್ದಳು. ಅಣ್ಣ ಅವಳ ಕಡೆ ನೋಡಿ, ಕೆನ್ನೆಯ ಗುಳಿಗೆ ಬೆರಳು ಒತ್ತಿ ತಿರುಗಿಸಿದ. ಅದು ಅವನು ಅವಳಿಗೆ ಇಟ್ಟ ಹೆಸರು. ಅದನ್ನು ನೋಡಿದರೆ ಇವತ್ತಿಗೂ ಅವಳಿಗೆ ಒಂಬತ್ತು ವರ್ಷವಾಗಿಬಿಡುತ್ತಿತ್ತು, ಒಂಬತ್ತು ವರ್ಷವಾದ ಕೂಡಲೇ ಆ ಆಣೆ ನೆನಪಾಗುತ್ತಿತ್ತು, ಆಣೆ ನೆನಪಾದ ಕೂಡಲೇ ಆ ಊಟ.

ಆ ಊಟಕ್ಕೆ ಇಪ್ಪತ್ತು ವರ್ಷ. ಅವಳನ್ನು ಮದುವೆಯಾಗಲಿದ್ದವನು ತಂದೆ ತಾಯಿಯನ್ನು ಕರೆದುಕೊಂಡು ಮೊದಲ ಸಲ ಮನೆಗೆ ಬಂದಿದ್ದ. ಹಿಂದಿನ ದಿನ ಮುಂಗೋಣೆಯ ಕಿಟಕಿಯ ಗಾಜು ಒಡೆದಿತ್ತು. ಬಂದವರ ಕಣ್ಣಿಗೆ ಬೀಳಬಾರದೆಂದು ಅಣ್ಣ ಬೆಳಗಿನಿಂದ ಕೂತು ಹೊಸ ಗಾಜು ಕೂರಿಸಿ, ಅದು ಕಚ್ಚಿ ನಿಲ್ಲಲೆಂದು ಸುತ್ತ ಮೆತ್ತಿದ ಲಪ್ಪವನ್ನು ಹೆಬ್ಬೆರಳಲ್ಲಿ ಸವರುತ್ತಿದ್ದಾಗಲೇ ಅವರು ಬಂದುಬಿಟ್ಟರು. ಅಡುಗೆಯಲ್ಲಿ ಅರ್ಧ ಅವನದೇ. ಅಮ್ಮನಿಗೆ ಕೈನೋವು, ಕತ್ತರಿಸಿ ಕೊಟ್ಟವನು ಅವನು, ಉಪ್ಪು ನೋಡಿದವನು ಅವನು. ಎಲ್ಲರೂ ಕೂತ ಮೇಲೆ ಅತ್ತೆಯಾಗಲಿದ್ದವರು ಬಾಗಿಲಲ್ಲಿ ನಿಂತ ಅವನನ್ನು ನೋಡಿದರು. ಅವನು ಯಾರನ್ನೋ ಏನೋ ಕೇಳಲು ಗಂಟಲಿನಿಂದ ಒಂದು ಸದ್ದು ಹೊರಡಿಸಿದ್ದ, ಅವನಿಗೇ ಕೇಳದ ಸದ್ದು. ಅವರು ತಟ್ಟೆಯಿಂದ ಕೈ ತೆಗೆದು, ದನಿ ತಗ್ಗಿಸಿ, "ಇವರು ಯಾರು?" ಎಂದು ಕೇಳಿದರು. ಅಪ್ಪ ಬಾಯಿ ತೆರೆದ. ಅಪ್ಪ ಏನು ಹೇಳುತ್ತಿದ್ದನೋ ಅದು ಅವನು ಸತ್ತಾಗ ಅವನ ಜೊತೆಗೇ ಹೋಯಿತು. ಏಕೆಂದರೆ ಅದಕ್ಕೆ ಮೊದಲು ಅವಳೇ ಹೇಳಿಬಿಟ್ಟಿದ್ದಳು. "ಕಿಟಕಿಗೆ ಗಾಜು ಹಾಕೋಕೆ ಬಂದವರು." ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಸುಳ್ಳು ಎಂದು ಯಾರೂ ಬೆರಳಿಟ್ಟು ತೋರಿಸಲಾಗದ ಹಾಗೆ, ಬಹುವಚನ ಕೂಡ ಸೇರಿಸಿ. ಮೇಜಿನ ಸುತ್ತ ತುಟಿಗಳು ಅಲ್ಲಾಡಿದ್ದನ್ನು ಕಂಡು ಅಣ್ಣ ಹುಬ್ಬಿನಲ್ಲಿ ಕೇಳಿದ, ಏನು? ಅವಳು ಕೈಯಲ್ಲಿ ಹೇಳಿದಳು, ಊಟ ಚೆನ್ನಾಗಿದೆ ಅಂತಿದಾರೆ. ಅಣ್ಣ ಎದೆ ಮುಟ್ಟಿಕೊಂಡು ಅತ್ತೆಗೆ ತಲೆಬಾಗಿ, ಲಪ್ಪದ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋದ. ಮದುವೆಯ ದಿನ ಅವನು ಯಾರೆಂದು ಎಲ್ಲರಿಗೂ ಗೊತ್ತಾಯಿತು, ಅತ್ತೆ ಎರಡು ದಿನ ಮುಖ ದಪ್ಪಗೆ ಮಾಡಿಕೊಂಡು ಆಮೇಲೆ ಮರೆತರು. ಗಂಡನಿಗೂ ನೆನಪಿಲ್ಲ. ಅಣ್ಣ ಮಾತ್ರ ಮರೆಯಲಿಲ್ಲ. ಇಪ್ಪತ್ತು ವರ್ಷದಿಂದ ಅವಳ ಮನೆಗೆ ಬಂದಾಗಲೆಲ್ಲ ಅಡುಗೆಮನೆಗೆ ಹೋಗಿ, "ನಿಮ್ಮತ್ತೆ ಮೆಚ್ಚಿದ ಕೈ ಇದು," ಎಂದು ತನ್ನ ಪಟ್ಟಿ ಸುತ್ತಿದ ಕೈ ತೋರಿಸಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ತಾನು ಯಾಕೆ ನಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಗಂಟೆ ಬಡಿಯಿತು. ಅವಳು ವೇದಿಕೆಯ ಅಂಚಿನಲ್ಲಿ, ಒಂದು ಕಡೆ ಮೈಕು, ಎದುರಿಗೆ ಏಳು ಜೊತೆ ಕಣ್ಣು ಇಟ್ಟುಕೊಂಡು ನಿಂತಳು. ಮೇಷ್ಟ್ರು ಸ್ವಾಗತ ಹೇಳುತ್ತ ಉತ್ಸಾಹದಲ್ಲಿ, "ಸರ್ಕಾರಕ್ಕೆ ನಾವು ಎಷ್ಟು ಹೇಳಿದರೂ ಕಿವುಡನ ಮುಂದೆ ಕಿನ್ನರಿ…" ಎಂದು ಶುರುಮಾಡಿ, ಮುಂದಿನ ಸಾಲು ಕಣ್ಣಿಗೆ ಬಿದ್ದು, ಕಿನ್ನರಿಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೆಮ್ಮಿದರು. ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕೈ, ಸರ್ಕಾರ ಯಾರ ಮಾತೂ ಕೇಳಲ್ಲ, ಎಂದು ದಾಟಿಸಿತು. ಏಳು ಜನವೂ ಹೌದು ಹೌದು ಎಂದು ತಲೆಯಾಡಿಸಿದರು. ಒಂದು. ಅವಳು ಮನಸ್ಸಿನಲ್ಲೇ ಎಣಿಸಿಕೊಂಡಳು. ಇದು ಲೆಕ್ಕಕ್ಕಿಲ್ಲ ಬಿಡು, ಗಾದೆ, ಗಾದೆಗೆ ಯಾರು ಹೊಣೆ.

ಡಾಕ್ಟರು ಎದ್ದರು. ಒಳ್ಳೆಯ ಹೊಲಿಗೆಯ ಕೋಟು, ಒಳ್ಳೆಯ ದನಿ. ಮಕ್ಕಳಿಗೆ ಚುಚ್ಚುವ ಮೊದಲು ನೋವಾಗಲ್ಲ ಕಂದ ಅನ್ನುವ ದನಿ. "ನಾನು ಯಾರ ಮನಸ್ಸನ್ನೂ ನೋಯಿಸೋಕೆ ಬಂದಿಲ್ಲ," ಎಂದರು. ಹಾಗೆ ಶುರುಮಾಡಿದವರು ಎಲ್ಲಿಗೆ ಹೋಗಿ ಮುಟ್ಟುತ್ತಾರೆಂದು ಈ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವಳಿಗೆ ಗೊತ್ತಿತ್ತು. "ಮನೆಗೆ ನಾಯಿ ತರೋವಾಗಲೂ ನಾವು ತಳಿ ನೋಡ್ತೀವಿ. ಬೀಜ ಬಿತ್ತೋವಾಗ ಜೊಳ್ಳು ಆರಿಸಿ ಎಸೀತೀವಿ. ಮನುಷ್ಯರ ವಿಷಯ ಬಂದ್ರೆ ಮಾತ್ರ ಕಣ್ಣೀರು. ಈ ಮುಂದಿನ ಸಾಲಿನವರನ್ನ ನೋಡಿ. ಒಳ್ಳೆಯವರೇ, ಶ್ರಮಜೀವಿಗಳೇ, ನನಗೆ ಗೌರವ ಇದೆ. ಆದರೆ ಇಂಥವರು ಇನ್ನೂ ಹುಟ್ಟಬೇಕಾ ಅಂತ ಕೇಳೋ ಧೈರ್ಯ ಸಮಾಜಕ್ಕೆ ಇರಬೇಕು. ಇದ್ದಾರೆ, ಇರಲಿ. ಆದರೆ ಸಾಕು."

ಸಾಲಿನ ಮಧ್ಯೆ ದರ್ಜಿ ಅಂಗಡಿಯ ಗಂಡ ಹೆಂಡತಿ ಕೂತಿದ್ದರು, ಇಬ್ಬರೂ ಕಿವುಡರು, ಹೆಂಡತಿಗೆ ಆರು ತಿಂಗಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಬರೆದು ತಂದ ಕಾಗದ. ಅವಳ ಕಣ್ಣು ದುಭಾಷಿಯ ಬೆರಳಿಗೆ ಅಂಟಿಕೊಂಡಿತ್ತು. ಆ ಕಣ್ಣನ್ನು ನೋಡುತ್ತ ಜೊಳ್ಳು ಎಂದು ಹೇಗೆ ತೋರಿಸುವುದು? ಆ ಸನ್ನೆಗೆ ಕೈ ಬೀಸಿ ಎಸೆಯಬೇಕು, ಎಸೆದಾಗ ಅದು ಎತ್ತ ಹೋಗಿ ಬೀಳುತ್ತದೆ? ಅವಳ ಕೈ ತಾನಾಗಿಯೇ ದಾರಿ ಬದಲಿಸಿತು. ಮಕ್ಕಳ ಆರೋಗ್ಯದ ಬಗ್ಗೆ ತಂದೆತಾಯಿ ಯೋಚಿಸಬೇಕು ಅಂತಿದಾರೆ. ನೀವೆಲ್ಲ ಶ್ರಮಜೀವಿಗಳು, ನಿಮ್ಮ ಬಗ್ಗೆ ತುಂಬಾ ಗೌರವ ಇದೆ ಅಂತಿದಾರೆ. ಬಸುರಿಯ ಮುಖ ಸಡಿಲವಾಯಿತು. ಅವಳು ಕಾಗದವನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿಕೊಂಡಳು. ನೋಡಿದೆಯಾ, ಎಂದು ದುಭಾಷಿ ತನಗೇ ಹೇಳಿಕೊಂಡಳು, ಒಂದು ಜೀವಕ್ಕೆ ನೆಮ್ಮದಿ ಕೊಟ್ಟೆ. ಹೇಳಿಕೊಂಡಳು ನಿಜ, ಆದರೆ ಕಿವಿಯಲ್ಲಿ ಸ್ಟೀಲ್ ತಟ್ಟೆ ಬಿದ್ದ ಸದ್ದು ಕೇಳಿತು. ಮಗಳು ಹುಟ್ಟಿ ನಾಲ್ಕನೆಯ ದಿನ, ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ, ಅವಳು ತೊಟ್ಟಿಲ ಹಿಂದೆ ನಿಂತು ತಟ್ಟೆ ಕೆಳಗೆ ಬಿಟ್ಟಿದ್ದಳು. ಮಗು ಬೆಚ್ಚಿ ಅತ್ತಿತು. ಅವಳು ಕೈ ಮುಗಿದು ತಲೆ ಬಾಗಿಸಿ, ದೇವರೇ, ಬದುಕಿಸಿದೆ, ಅಂದುಕೊಂಡಳು. ತಲೆ ಎತ್ತಿದರೆ ಬಾಗಿಲಲ್ಲಿ ಅಣ್ಣ. ಕೂಸು ನೋಡಲು ಬಂದವನು. ಅವನಿಗೆ ಸದ್ದು ಕೇಳಿರಲಿಲ್ಲ. ತಟ್ಟೆ ಬಿದ್ದದ್ದು ಕಂಡಿತ್ತು, ಇವಳ ಮುಖ ಕಂಡಿತ್ತು. ಏನೂ ಕೇಳದೆ ತಟ್ಟೆ ಎತ್ತಿ, ಅಂಗಿಯ ಚುಂಗಿನಲ್ಲಿ ಒರೆಸಿ, ಅವಳ ಕೈಗೆ ಕೊಟ್ಟ. ಡಾಕ್ಟರು ಇಷ್ಟು ಹೊತ್ತೂ ಹೇಳಿದ್ದನ್ನು ಅವಳು ಹದಿನೇಳು ವರ್ಷದ ಹಿಂದೆ ಬಾಯಿ ಬಿಡದೆ ಹೇಳಿ ಮುಗಿಸಿದ್ದಳು.

ಹಿಂದಿನ ಸಾಲುಗಳಲ್ಲಿ ಜನ ಕತ್ತು ಉದ್ದ ಮಾಡಿ ಮುಂದಿನ ಸಾಲನ್ನು ನೋಡುತ್ತಿದ್ದರು. ಯಾರಾದರೂ ಅಳುತ್ತಾರೋ, ಕುರ್ಚಿ ಎಸೆಯುತ್ತಾರೋ ಎಂದು. ಏಳು ಜನವೂ ನಗುಮುಖದಲ್ಲಿ ಕೂತಿದ್ದರು. ಮೇಷ್ಟ್ರು ಎದ್ದು ನಿಂತರು. "ಸಹನೆ ಅಂದ್ರೆ ಇದು!" ಎಂದರು. "ಇಷ್ಟು ಖಾರವಾದ ಮಾತನ್ನ ಇಷ್ಟು ಪ್ರಬುದ್ಧವಾಗಿ ಸ್ವೀಕರಿಸಿದ್ದು ಹದಿನಾರು ವರ್ಷದಲ್ಲಿ ನಾನು ನೋಡಿಲ್ಲ. ವಿಧಾನಸಭೆಯವರು ಬಂದು ಕಲೀಬೇಕು." ಚಪ್ಪಾಳೆ ಬಿತ್ತು. ಅವಳು ಅದನ್ನೂ ದಾಟಿಸಿದಳು, ಖಾರವನ್ನು ಬಿಟ್ಟು: ನಿಮ್ಮನ್ನ ಹೊಗಳ್ತಿದಾರೆ. ಏಳು ಜನರಲ್ಲಿ ಆರು ಜನ ಎರಡೂ ಕೈ ಮೇಲೆತ್ತಿ ಬೆರಳು ಆಡಿಸಿದರು. ಅದು ಅವರ ಚಪ್ಪಾಳೆ. ಏಳನೆಯವನು ಕೈ ಎತ್ತಲಿಲ್ಲ. ಅಣ್ಣ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ಕೂತು ಕೇಳುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ, ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಡುಕುವವನ ಹಾಗೆ. ತುಟಿ ನೋಡಿ ಮಾತು ತಿಳಿಯುವುದೆಲ್ಲ ಸಿನಿಮಾದಲ್ಲಿ. ಅವನಿಗೆ ತುಟಿ ಓದಲು ಬರುತ್ತಿರಲಿಲ್ಲ. ಮುಖ ಓದಲು ಬರುತ್ತಿತ್ತು. ಹೊಗಳಿಕೆ ಕೇಳಿದವರು ಹೀಗೆ ಕಣ್ಣು ತಪ್ಪಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಚೀಟಿಗಳಲ್ಲಿ ಮೇಷ್ಟ್ರು ಆರಿಸಿದ್ದು ಅಣ್ಣನದು. 'ಡಾಕ್ಟರಿಗೆ ಒಂದು ಮಾತು' ಎಂದಷ್ಟೇ ಅದರಲ್ಲಿತ್ತು, ಬೇರೆಲ್ಲದರಲ್ಲೂ ಪ್ರಶ್ನೆಗಳಿದ್ದವು. ಅಣ್ಣ ವೇದಿಕೆ ಹತ್ತಿ, ಡಾಕ್ಟರಿಗೆ ಎದುರಾಗಿ ನಿಂತು, ಅವಳ ಕಡೆ ಒಮ್ಮೆ ನೋಡಿ, ಹೆಬ್ಬೆರಳನ್ನು ಗಲ್ಲಕ್ಕೆ ಮುಟ್ಟಿಸಿ ಒಂದಿಂಚು ಕೆಳಗೆ ಎಳೆದ. ಮುಂದಿನ ಸಾಲಿನವರು ಪರಸ್ಪರ ಮುಖ ನೋಡಿಕೊಂಡರು. ಅದು ಯಾವ ಭಾಷೆಯ ಸನ್ನೆಯೂ ಅಲ್ಲ. ಪ್ರಪಂಚದಲ್ಲಿ ಅದು ಗೊತ್ತಿದ್ದವರು ಇಬ್ಬರೇ. ಅಪ್ಪ ನೆಂಟರ ಮುಂದೆ ಪ್ಯಾಂಟಿನ ಜಿಪ್ಪು ಹಾಕದೆ ಬಂದು ಕೂತಾಗ, ಬೇರೆಯವರಿಗೆ ತಿಳಿಯದ ಹಾಗೆ ಹೇಳಲು ಚಿಕ್ಕಂದಿನಲ್ಲಿ ಅವರಿಬ್ಬರೇ ಕಟ್ಟಿಕೊಂಡ ಸನ್ನೆ. ಡಾಕ್ಟರೇ, ನಿಮ್ಮ ಜಿಪ್ಪು ತೆರೆದಿದೆ. ಅವಳು ಕಣ್ಣು ಹಾಯಿಸಿದಳು, ತೆರೆದಿರಲಿಲ್ಲ. ನಲವತ್ತಾರು ವರ್ಷದ ಗಂಡಸು, ಇಷ್ಟು ಜನರ ಮುಂದೆ ಇದೇನು ಹುಡುಗಾಟ? ಮೈಕು ಬಾಯಿಯ ಹತ್ತಿರವಿತ್ತು. ಅವಳ ದನಿ, ಕೋರ್ಟಿನಲ್ಲಿ ಮೆಚ್ಚುಗೆ ಪಡೆದ ಆ ಸ್ವಚ್ಛ ದನಿ, ಹೇಳಿತು: "ಡಾಕ್ಟರೇ, ನೀವು ಮುಚ್ಚುಮರೆಯಿಲ್ಲದೆ ಮಾತಾಡಿದಿರಿ. ನಾನು ನಿಮಗೆ ಧನ್ಯವಾದ ಹೇಳ್ತೀನಿ."

ಡಾಕ್ಟರು ಎದೆಯ ಮೇಲೆ ಕೈಯಿಟ್ಟು ನಕ್ಕರು. ತಲೆ ಬಾಗಿಸಿದರು. ಚಪ್ಪಾಳೆ, ಸೂಚನೆಯಲ್ಲಿದ್ದ ಅಳತೆಯನ್ನೂ ಮೀರಿ. ಅಣ್ಣ ಆ ನಗುವನ್ನು ನೋಡಿದ, ಆ ಕೈಯನ್ನು ನೋಡಿದ, ಕೋಟಿನ ಕೆಳಗೆ ನೋಡಿದ. ಯಾವ ಗಂಡಸೇ ಆಗಲಿ, ರಾಜನೇ ಆಗಲಿ, ಆ ಮಾತು ಕೇಳಿದರೆ ಒಮ್ಮೆ ಕೆಳಗೆ ನೋಡಿಕೊಳ್ಳದೆ ಇರುವುದಿಲ್ಲ. ಅಣ್ಣ ನಿಧಾನಕ್ಕೆ ಅವಳ ಕಡೆ ತಿರುಗಿದ. ಅವಳಿಗೆ ಆಗಲೇ ಅರ್ಥವಾಯಿತು, ಅದು ಡಾಕ್ಟರಿಗೆ ಹೇಳಿದ್ದಲ್ಲ. ಅವಳಿಗಿಟ್ಟ ಪರೀಕ್ಷೆ. ಹುಟ್ಟುವ ಮೊದಲಲ್ಲ, ಹುಟ್ಟಿದ ಎಷ್ಟೋ ಕಾಲದ ಮೇಲೆ.

"ಈಗ ಇದನ್ನ ಮೈಕಿನಲ್ಲಿ ಹೇಳು," ಎಂದಿತು ಅಣ್ಣನ ಕೈ. ಕೋಪವಿರಲಿಲ್ಲ, ಅದೇ ಅವಳಿಗೆ ಸಹಿಸಲಾಗಲಿಲ್ಲ. "ಒಂದಕ್ಷರ ಬಿಡಬೇಡ. ನನ್ನ ದುಭಾಷಿ ನನ್ನ ತಂಗಿ. ಅವಳು ಸುಳ್ಳಿ."

ಇಪ್ಪತ್ತು ವರ್ಷದ ಅಭ್ಯಾಸ ದೊಡ್ಡದು. "ನನ್ನ ದುಭಾಷಿ ನನ್ನ ತಂಗಿ," ಎಂದಳು ಮೈಕಿಗೆ. "ಅವಳು ಸುಳ್ಳಿ."

ಮೇಷ್ಟ್ರು ಕನ್ನಡಕ ಮೇಲೇರಿಸಿದರು. "ನಿಮ್ಮ ತಂಗಿಯೂ ಬಂದಿದಾಳಾ? ಮೇಡಂ, ಮನೆ ಜಗಳ ಮನೇಲಿಟ್ಕೊಳ್ಳಿ."

"ನಾನು ಹೇಳ್ತಿರೋದಲ್ಲ ಸರ್, ಅವರು ಹೇಳ್ತಿರೋದು."

"ಅವರ ದುಭಾಷಿ ಯಾರು ಹಾಗಾದ್ರೆ?"

"ನಾನು."

"ಮತ್ತೆ ಸುಳ್ಳಿ?"

"ನಾನೇ ಸರ್."

ಸಭೆ ಹೋ ಎಂದು ನಕ್ಕಿತು. ಅಣ್ಣನ ಕೈ ಆಡುತ್ತಲೇ ಇತ್ತು, ಅವಳ ದನಿ ಹಿಂದೆ ಓಡುತ್ತಲೇ ಇತ್ತು. "ನಾನು ಡಾಕ್ಟರಿಗೆ ಧನ್ಯವಾದ ಹೇಳಲಿಲ್ಲ. ನಿಮ್ಮ ಪ್ಯಾಂಟಿನ ಜಿಪ್ಪು ತೆರೆದಿದೆ ಅಂದೆ." ಡಾಕ್ಟರು ಸಟಕ್ಕನೆ ಕೆಳಗೆ ನೋಡಿಕೊಂಡರು. ಮೇಷ್ಟ್ರೂ ನೋಡಿಕೊಂಡರು. ಸಭೆಯಲ್ಲಿದ್ದ ಗಂಡಸರಲ್ಲಿ ಅರ್ಧ ಜನ, ಯಾವ ಪಕ್ಷದವರೆನ್ನದೆ, ಒಮ್ಮತದಿಂದ ಕೆಳಗೆ ನೋಡಿಕೊಂಡರು. ನಿರ್ಭೀತ ವೇದಿಕೆಯ ಹದಿನಾರು ವರ್ಷದಲ್ಲಿ ಎಲ್ಲರೂ ಒಟ್ಟಿಗೆ ಒಂದು ಮಾತಿಗೆ ಕಿವಿಗೊಟ್ಟದ್ದು ಬಹುಶಃ ಅದೇ ಮೊದಲು. ಅಣ್ಣ ಹಲ್ಲು ಬಿಟ್ಟು ನಕ್ಕ. ಆಮೇಲೆ ನಗು ನಿಲ್ಲಿಸಿ ಅವಳಿಗೆ ಮುಂದಿನ ಸಾಲನ್ನು ತೋರಿಸಿದ. "ಈಗ ಆ ಕಡೆ. ಡಾಕ್ಟರು ಅಂದದ್ದು ಅಂದ ಹಾಗೆ."

ಅವಳು ತಿರುಗಿ ನಿಂತು ಹೇಳಿದಳು. ನಾಯಿ, ತಳಿ, ಬೀಜ. ಜೊಳ್ಳನ್ನು ಆರಿಸಿ ಎಸೆದಳು, ಅದು ಎತ್ತ ಹೋಗಿ ಬಿತ್ತೆಂದು ನೋಡಲೂ ಬೇಕಾಗಲಿಲ್ಲ. ಇದ್ದಾರೆ, ಇರಲಿ, ಆದರೆ ಸಾಕು. ಏಳು ಮುಖಗಳೂ ಆರಿಹೋದವು. ಹಿಂದೆ ಡಾಕ್ಟರು, "ನಾನು ಆ ಅರ್ಥದಲ್ಲಿ ಹೇಳಲಿಲ್ಲ, ಇವರು ತಿರುಚ್ತಿದಾರ?" ಎಂದು ಮೇಷ್ಟ್ರನ್ನು ಕೇಳುವುದು ಕೇಳಿಸಿತು, ಅದನ್ನೂ ದಾಟಿಸಿದಳು. ಬಸುರಿ ಹೆಂಗಸು ಕುರ್ಚಿಯ ಹಿಡಿಕೆ ಒತ್ತಿ ಎದ್ದು ನಿಂತಳು. ಅಳುತ್ತಾಳೆಂದುಕೊಂಡರೆ ಅವಳು ಸಿಟ್ಟಾಗಿದ್ದಳು, ಅದೂ ಡಾಕ್ಟರ ಮೇಲಲ್ಲ, ಇವಳ ಮೇಲೆ. "ಇದನ್ನ ಕೇಳೋಕೇ ನಾನು ಬಂದದ್ದು. ಮೂರು ದಿನ ಕೂತು ಉತ್ತರ ಬರೆದಿದ್ದೆ. ಒಳ್ಳೆ ಮಾತಾಡಿದ್ರು ಅಂತ ನೀವಂದ್ರಿ, ಮಡಚಿ ಒಳಗಿಟ್ಟೆ. ನನಗೆ ನೋವಾಗುತ್ತೆ ಅಂತ ನಿರ್ಧಾರ ಮಾಡೋಕೆ ನೀವ್ಯಾರು?" ಅದನ್ನೂ ಅವಳು ಮೈಕಿನಲ್ಲಿ ಹೇಳಿದಳು, ನೀವ್ಯಾರು ಎಂದು ತನ್ನನ್ನೇ ಎಲ್ಲರಿಗೂ ಕೇಳುವ ಹಾಗೆ ಕೇಳಿಕೊಂಡಳು. ಬಸುರಿ ಪರ್ಸಿನಿಂದ ಕಾಗದ ತೆಗೆದು, ಬಿಡಿಸಿ, ಮತ್ತೆ ಮಡಚಿ, ಡಾಕ್ಟರ ಕಡೆ ತಿರುಗಿದಳು. "ಬರೆದದ್ದು ಬೇಡ. ಡಾಕ್ಟರೇ, ನೀವು ಹಾಕಿರೋ ಕೋಟು ನಾನು ಹೊಲಿದದ್ದು. ಹೋದ ತಿಂಗಳು ಅಳತೆ ಕೊಡುವಾಗ ನೀವು ಅರ್ಧ ಗಂಟೆ ನನ್ನ ಜೊತೆ ಮಾತಾಡಿದಿರಿ. ನಾನು ತಲೆ ಆಡಿಸಿದೆ. ನನಗೆ ಕೇಳಿಸಲ್ಲ ಅಂತ ನಿಮಗೆ ಕೊನೇವರೆಗೂ ಗೊತ್ತಾಗಲೇ ಇಲ್ಲ. ನೀವು ಯಾವ ಪರೀಕ್ಷೆ ಮಾಡಿಸ್ಕೊಳ್ತೀರಿ?"

ಮೇಷ್ಟ್ರು ಗಂಟೆ ಹೊಡೆದರು. ಮೂರು ನಿಮಿಷ ಆಗಿರಲಿಲ್ಲ, ಒಂದೂವರೆ ಆಗಿತ್ತು. "ಕಾಲ ಮುಗೀತು, ಕಾಲ ಮುಗೀತು," ಎಂದು ಹೊಡೆಯುತ್ತಲೇ ಇದ್ದರು. ಆ ಗಂಟೆ ಕೇಳಬೇಕಾದವರಿಗೆ ಕೇಳುತ್ತಿರಲಿಲ್ಲ, ಅವರು ಕೈಯಾಡಿಸಿ ಮಾತಾಡುತ್ತಲೇ ಇದ್ದರು, ಸಾಲು ಸಾಲೇ ಎದ್ದು ನಿಂತು.

ಅಣ್ಣ ಕೆಳಗಿಳಿಯಲಿಲ್ಲ. ಅವಳ ಎದುರಿಗೆ ಬಂದು ನಿಂತ. "ಇನ್ನೊಂದು ಬಾಕಿ ಇದೆ," ಅಂದ. "ನಿಮ್ಮತ್ತೆ ಮೊದಲ ಸಲ ಬಂದ ದಿನ. ಊಟ ಚೆನ್ನಾಗಿದೆ ಅಂದವರು ಯಾಕೆ ತಟ್ಟೆಯಿಂದ ಕೈ ತೆಗೆದ್ರು? ಇಪ್ಪತ್ತು ವರ್ಷ ನೀನಾಗೇ ಹೇಳ್ತೀಯ ಅಂತ ಕಾದೆ. ನನ್ನ ಕೈ ತೋರಿಸಿ ತೋರಿಸಿ ನೆನಪು ಮಾಡಿದೆ."

ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ನಕ್ಕ ಆ ನಗು ಅವಳ ಕಣ್ಣ ಮುಂದೆ ಮಗುಚಿ ಬಿತ್ತು. ಅವಳ ಕೈ ಮೇಲೆದ್ದು ಗಾಳಿಯಲ್ಲಿ ನಿಂತಿತು. "ಅತ್ತೆ ಕೇಳಿದ್ರು, ಇವರು ಯಾರು ಅಂತ."

"ಅಪ್ಪ ಏನಂದ?"

ಎಷ್ಟು ಸುಲಭದ ಬಾಗಿಲು. ಅಪ್ಪ ಸತ್ತು ಹತ್ತು ವರ್ಷ. ಸತ್ತವರ ಬಾಯಿಗೆ ಯಾವ ಮಾತು ತುರುಕಿದರೂ ಅವರು ನುಂಗುತ್ತಾರೆ. ಅಣ್ಣನೇ ಆ ಬಾಗಿಲು ತೆರೆದು ಹಿಡಿದಿದ್ದ, ಬೇಕೆಂದೇ ಹಿಡಿದಿದ್ದನೋ ಏನೋ. ಸಭೆ ಸದ್ದಡಗಿ ಅವರಿಬ್ಬರ ಕೈಗಳನ್ನೇ ನೋಡುತ್ತಿತ್ತು. "ಏನಂತೆ? ಏನಂತೆ?" ಎಂದು ಹಿಂದಿನ ಸಾಲುಗಳಲ್ಲಿ ತಿವಿದುಕೊಳ್ಳುತ್ತಿದ್ದರು. ಮೇಷ್ಟ್ರು ಗಂಟೆ ಕೆಳಗಿಟ್ಟು ಹತ್ತಿರ ಬಂದರು. "ಮೇಡಂ, ಏನು ಮಾತಾಡ್ತಿದೀರಿ? ಇದು ಮುಕ್ತ ವೇದಿಕೆ, ನಮಗೂ ಹೇಳಬೇಕು."

ಅವಳು ಅವರ ಕಡೆ ತಿರುಗದೆ ಅಂಗೈ ಅಲ್ಲಾಡಿಸಿದಳು. "ಆಮೇಲೆ ಹೇಳ್ತೀನಿ."

ಮೇಷ್ಟ್ರು ಏನೂ ತಿಳಿಯದೆ, ಎಲ್ಲರೂ ನಗುತ್ತಾರೇನೋ ಎಂದು ಸುತ್ತ ನೋಡಿ, ತಾವೂ ಸ್ವಲ್ಪ ನಕ್ಕರು.

ಅವಳು ಮೈಕು ಆಫ್ ಮಾಡಿದಳು. ಬೆರಳನ್ನು ತನ್ನ ಎದೆಗೆ ಇಟ್ಟು, ಈ ಸಲ ಬೇರೆ ಯಾರ ಪರವಾಗಿಯೂ ಅಲ್ಲದೆ, "ನಾನು," ಅಂದಳು. "ಅಪ್ಪ ಏನೂ ಅನ್ನಲಿಲ್ಲ. ನಾನು ಅಂದೆ. ಕಿಟಕಿಗೆ ಗಾಜು ಹಾಕೋಕೆ ಬಂದವರು ಅಂತ."

ಅಣ್ಣ ಅವಳ ಕೈಗಳನ್ನು ನೋಡಿದ, ಅವು ಇನ್ನೂ ಏನಾದರೂ ಹೇಳುತ್ತವೋ ಎಂಬಂತೆ. ಆಮೇಲೆ ಕೇಳಿದ, "ಊಟ?"

"ಊಟದ ಬಗ್ಗೆ ಯಾರೂ ಏನೂ ಅನ್ನಲಿಲ್ಲ."

ಅವನು ಬೆರಳಿನ ಪಟ್ಟಿ ಬಿಚ್ಚಿ, ಮತ್ತೆ ಬಿಗಿಯಾಗಿ ಸುತ್ತಿಕೊಂಡು, ಅವಳ ಹೆಸರನ್ನು ಕೆನ್ನೆಗೆ ಒತ್ತದೆ, ಮೆಟ್ಟಿಲಿಳಿದು ಹೋದ.

ಆಗ ಗೋಡೆಯ ಗಡಿಯಾರದಲ್ಲಿ ಆರೂ ಮುಕ್ಕಾಲು. ಮೂವತ್ತೈದು ವರ್ಷದ ಹಿಂದೆ ಕೊಟ್ಟ ಮಾತನ್ನು ಅವಳು ನಡೆಸಿದ್ದಳು.